ಅಲ್ಯೂಮಿನಾ ಪದರ ಉದುರುತ್ತಿದ್ದರೆ ಗಂಧಕವನ್ನು ಪತ್ತೆಹಚ್ಚಿ ತೆಗೆಯುವ ಕ್ರಮ

ನಿಕ್ಕಲ್ ಆಧಾರಿತ ಸೂಪರ್ ಅಲಾಯ್‌ಗಳನ್ನು (ಅತಿ ಶಾಖ ತಾಳುವ ಮಿಶ್ರಲೋಹಗಳನ್ನು) 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡುವುದು ಅವುಗಳ ಮೈಮೇಲೆ ತಾನಾಗಿ ಬೆಳೆಯುವ, ಕೆಲವೇ ಮೈಕ್ರಾನ್ ದಪ್ಪದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರ. ಲೋಹದೊಳಗಿನ ಗಂಧಕವು ಈ ಪದರದ ಅಡಿಗೆ ಬಂದು ಸೇರಿ ಹಿಡಿತವನ್ನು ಸಡಿಲಿಸುವುದರಿಂದ, ತಣಿಯುವಾಗ ಲೋಹವು ಆಕ್ಸೈಡಿಗಿಂತ ಹೆಚ್ಚು ಕುಗ್ಗಿದೊಡನೆ ಪದರ ಚಕ್ಕೆಯಾಗಿ ಕಳಚುತ್ತದೆ.

ಮೊದಲು ಗಂಧಕದ ಪ್ರಮಾಣವನ್ನು ಅಳೆಸಬೇಕು. "10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಭಾಗಕ್ಕಿಂತ) ಕಡಿಮೆ" ಎನ್ನುವ ಪ್ರಮಾಣಪತ್ರ ಸುಳ್ಳಲ್ಲ, ಆದರೆ ಇಲ್ಲಿ ನಿರುಪಯೋಗಿ. 1 ಪಿಪಿಎಂಗಿಂತ ಕೆಳಗಿನ ಅಂಕಿ ಬೇಕಿದ್ದರೆ ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಅಳೆಯಬಲ್ಲ ಗ್ಲೋ ಡಿಸ್ಚಾರ್ಜ್ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ವಿಶ್ಲೇಷಣೆಯನ್ನೇ ಕೇಳಬೇಕು. ಆ ಅಂಕಿಯನ್ನೂ ದಪ್ಪದ ಜೊತೆಗಿಟ್ಟೇ ಓದಬೇಕು: 1 ಮಿಲಿಮೀಟರ್ ದಪ್ಪದ ತಗಡಿನಲ್ಲಿರುವ 1 ಪಿಪಿಎಂ ಗಂಧಕವೆಲ್ಲ ಹೊರಬಂದರೆ, ಎರಡೂ ಮೈಗಳ ಮೇಲೆ ಒಂದು ಪರಮಾಣು ದಪ್ಪದ ಹಾಸನ್ನು ಹಲವು ಬಾರಿ ಹಾಸುವಷ್ಟಾಗುತ್ತದೆ. ದಪ್ಪ ಹೆಚ್ಚಿದಂತೆ ಮೈಗೆ ಬರಬಲ್ಲ ಗಂಧಕವೂ ಹೆಚ್ಚುವುದರಿಂದ, ತೆಳು ತುಣುಕಿನ ಒಳ್ಳೆಯ ಫಲಿತಾಂಶವನ್ನು ದಪ್ಪ ಬಿಡಿಭಾಗಕ್ಕೆ ಅನ್ವಯಿಸಬಾರದು.

ಪರೀಕ್ಷೆಗೆ ಒಂದೇ ಎರಕದ, ಒಂದೇ ದಪ್ಪದ ತುಣುಕುಗಳನ್ನು ಸಮನಾಗಿ ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಅರ್ಧವನ್ನು ಹಾಗೆಯೇ ಉಳಿಸಿಕೊಂಡು ಉಳಿದರ್ಧವನ್ನು ಶುದ್ಧ ಹೈಡ್ರೋಜನ್ ಹರಿವಿನಲ್ಲಿ 1200 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಬೇಕು. ಗಂಧಕ ಒಳಗಿನಿಂದ ಸರಿದು ಬರಬೇಕಾದ್ದರಿಂದ ದಪ್ಪ ಎರಡರಷ್ಟಾದರೆ ಅವಧಿ ನಾಲ್ಕರಷ್ಟಾಗುತ್ತದೆ. ಕುಲುಮೆಗೆ ಹೈಡ್ರೋಜನ್ ಬಿಡುವ ಮೊದಲೂ ಮುಗಿದ ಮೇಲೂ ಆರ್ಗಾನ್ ಹಾಯಿಸುವುದನ್ನು ಮರೆಯುವಂತಿಲ್ಲ. ಇದೇ ಉಪಚಾರದಲ್ಲಿ ಇಂಗಾಲವೂ ಕಡಿಮೆಯಾಗಬಹುದಾದ್ದರಿಂದ ಬಳಿಕ ಅದನ್ನೂ ಅಳೆಯುವುದು ಕ್ಷೇಮ.

ನಂತರ ಎರಡೂ ಬಗೆಯ ತುಣುಕುಗಳನ್ನು ಒಟ್ಟಿಗೆ ತೂಗುಹಾಕಿ, ಒಂದು ಗಂಟೆ 1100 ಡಿಗ್ರಿಯಲ್ಲಿ ಇರಿಸಿ, ಗಾಳಿಯಲ್ಲಿ ತಣಿಸಿ, ಇದನ್ನೇ ಮತ್ತೆ ಮತ್ತೆ ಮಾಡುತ್ತ, ಆಗಾಗ 0.1 ಮಿಲಿಗ್ರಾಂ ನಿಖರತೆಯಲ್ಲಿ ತೂಗಬೇಕು. ತಣಿಸದೆ ನಡೆಸುವ ಪರೀಕ್ಷೆಯಲ್ಲಿ ಈ ದೋಷ ಬಹುತೇಕ ಕಾಣಿಸಿಕೊಳ್ಳುವುದೇ ಇಲ್ಲ. ಉಪಚಾರವಿಲ್ಲದ ತುಣುಕಿನ ತೂಕ ಇಳಿಯತೊಡಗಿ, ಉಪಚರಿಸಿದ್ದರ ತೂಕ ನಿಧಾನವಾಗಿ ಏರುತ್ತಲೇ ಇದ್ದು ಪದರವೂ ಅಖಂಡವಾಗಿದ್ದರೆ, ಶಂಕೆ ಗಂಧಕದ ಮೇಲೆಯೇ ಬೀಳುತ್ತದೆ. 1980ರ ದಶಕದಲ್ಲಿ ನಾಸಾದ ಜೇಮ್ಸ್ ಸ್ಮಿಯಾಲೆಕ್ ಪದೇ ಪದೇ ಉತ್ಕರ್ಷಿಸಿ, ಉಜ್ಜಿ ಗಂಧಕವನ್ನು ತೆಗೆದಾಗಲೂ ಪದರದ ಹಿಡಿತ ಹೀಗೆಯೇ ಸುಧಾರಿಸಿತ್ತು.

ದೊಡ್ಡ ಬಿಡಿಭಾಗಗಳಿಗೆ ಹೈಡ್ರೋಜನ್ ದುಬಾರಿ. ಅಲ್ಲಿ ಗಂಧಕವನ್ನು ಕಟ್ಟಿಹಾಕುವ ಇಟ್ರಿಯಂ ಅಥವಾ ಹಾಫ್ನಿಯಂ ಲೋಹವನ್ನು ಮಿಶ್ರಲೋಹಕ್ಕೆ ಸೇರಿಸುವುದು ರೂಢಿ. ಇಟ್ರಿಯಂ ಹೆಚ್ಚಾದರೆ ಬೇಗ ಕರಗುವ ನಿಕ್ಕಲ್ ಸಂಯುಕ್ತಗಳಾಗುತ್ತವೆ. ಎರಕದ ಮೂಸೆಯೊಂದಿಗೆ ವರ್ತಿಸಿ ಅದು ನಷ್ಟವಾಗುವುದೂ ಉಂಟು. ಆದ್ದರಿಂದ ಸೇರಿಸಿದ ಪ್ರಮಾಣವನ್ನು ನಂಬದೆ, ಎರಕವಾದ ಬಿಡಿಭಾಗದಲ್ಲಿ ಉಳಿದಿರುವುದನ್ನೇ ಅಳೆಯಬೇಕು.