ಗೋವಾ ವಿಧಾನಸಭೆಯ ಬಲಾಬಲ: ನಾನು ಲೆಕ್ಕವಿಟ್ಟ ಬಗೆ

ವಾಸ್ಕೋದಲ್ಲಿದ್ದುಕೊಂಡು ಕನ್ನಡ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವ ನನಗೆ ಗೋವಾದ ಚುನಾವಣಾ ಫಲಿತಾಂಶ ಎಣಿಕೆಯ ದಿನ ಸಂಜೆಗೆ ಮುಗಿಯುವ ಕೆಲಸವಲ್ಲ. 40 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ 21 ಸಾಕಾಗುವುದರಿಂದ, ಮೂವರು ಶಾಸಕರು ಆಚೀಚೆ ಸರಿದರೂ ಸರ್ಕಾರ ಅಲುಗಾಡುತ್ತದೆ. ಹಾಗಾಗಿ 2017ರಿಂದ ಪ್ರತಿ ಕ್ಷೇತ್ರಕ್ಕೂ ಒಂದು ಸಾಲಿನಂತೆ ಹಾಳೆಯೊಂದನ್ನು ಇಟ್ಟುಕೊಂಡಿದ್ದೇನೆ: ಗೆದ್ದದ್ದು ಯಾವ ಚಿಹ್ನೆಯ ಮೇಲೆ, ಈಗ ಸದನದಲ್ಲಿ ಕೂರುವುದು ಯಾವ ಕಡೆ, ಸ್ಥಾನವೇನಾದರೂ ತೆರವಾಗಿದೆಯೇ.

ಆ ವರ್ಷದ ಮಾರ್ಚ್ 11ರಂದು ಕಾಂಗ್ರೆಸ್ 17, ಬಿಜೆಪಿ 13, ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಮತ್ತು ಗೋವಾ ಫಾರ್ವರ್ಡ್ ತಲಾ 3, ಎನ್‌ಸಿಪಿ 1, ಪಕ್ಷೇತರರು 3 ಸ್ಥಾನ ಗೆದ್ದಿದ್ದರು. ದೊಡ್ಡ ಪಕ್ಷವನ್ನೇ ತಲೆಬರಹಕ್ಕೆ ಏರಿಸಿದವರು ಮೂರೇ ದಿನದಲ್ಲಿ, ಸಣ್ಣ ಪಕ್ಷಗಳ ಬೆಂಬಲ ಪಡೆದ ಬಿಜೆಪಿಯ ಮನೋಹರ ಪರ್ರಿಕರ್ ಅವರ ಪ್ರಮಾಣವಚನದ ಸುದ್ದಿ ಬರೆಯಬೇಕಾಯಿತು. ಮಾರ್ಚ್ 16ರ ವಿಶ್ವಾಸಮತಕ್ಕೆ ಬಿದ್ದ ಮತಗಳು 22–16. ಇದನ್ನು ಕೂಡಿದರೆ 38 ಮಾತ್ರ. ಉಳಿದ ಎರಡರಲ್ಲಿ ಒಬ್ಬರು ಹಂಗಾಮಿ ಸ್ಪೀಕರ್, ಇನ್ನೊಬ್ಬರು ಮತದಾನಕ್ಕೆ ನಿಲ್ಲದೆ ಹೊರನಡೆದ ಕಾಂಗ್ರೆಸ್ ಶಾಸಕ ವಿಶ್ವಜಿತ್ ರಾಣೆ. ಮತದ ಅಂಕಿಗಳನ್ನು ಸದನದ ಬಲಕ್ಕೆ ಹೀಗೆ ತಾಳೆ ಹಾಕುವುದು ಅಂದಿನಿಂದ ನನ್ನ ರೂಢಿ.

ಮಂತ್ರಿಗಳ ಪಟ್ಟಿಯನ್ನೂ ಪಕ್ಕದಲ್ಲೇ ಇಡುತ್ತೇನೆ. ಸಂವಿಧಾನದ ಮಿತಿಯಂತೆ ಸಂಪುಟ ಸದನದ ಶೇ 15ನ್ನು ಮೀರಬಾರದು, ಆದರೆ ಸಣ್ಣ ರಾಜ್ಯಗಳಲ್ಲಿ ಮುಖ್ಯಮಂತ್ರಿ ಸೇರಿ 12 ಮಂದಿಗೆ ಅವಕಾಶವಿದೆ. ಗೋವಾದಲ್ಲಿ ಶೇ 15 ಎಂದರೆ ಆರೇ ಸ್ಥಾನ; ಸಿಗುವುದು ಅದರ ಇಮ್ಮಡಿ. 2017ರಲ್ಲಿ ಗೋವಾ ಫಾರ್ವರ್ಡ್‌ನ ಮೂವರೂ ಮಂತ್ರಿಗಳಾದರು. ಮೈತ್ರಿ ಹೇಗೆ ನಿಲ್ಲುತ್ತದೆ ಎಂಬುದನ್ನು ಜಂಟಿ ಹೇಳಿಕೆಗಳಿಗಿಂತ ಈ ಪಟ್ಟಿಯೇ ಸ್ಪಷ್ಟವಾಗಿ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಅತ್ಯಂತ ಉಪಯೋಗಕ್ಕೆ ಬಂದ ಕಲಂ, ಪಕ್ಷಾಂತರ ನಿಷೇಧದ ಅಂಚನ್ನು ತೋರಿಸುವಂಥದ್ದು. ಮೂರನೇ ಒಂದರಷ್ಟು ಶಾಸಕರು ಒಡೆದು ಹೋದರೆ ಸಿಗುತ್ತಿದ್ದ ರಕ್ಷಣೆಯನ್ನು 2003ರ ತಿದ್ದುಪಡಿ ತೆಗೆದುಹಾಕಿದ ಮೇಲೆ, ಸ್ಥಾನ ಕಳೆದುಕೊಳ್ಳದೆ ಒಟ್ಟಾಗಿ ಪಕ್ಷ ಬದಲಿಸಲು ಉಳಿದಿರುವುದು ಇನ್ನೊಂದು ಪಕ್ಷದೊಡನೆ ವಿಲೀನದ ದಾರಿ. ಅದಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಸದಸ್ಯರು ಬೇಕು. ರಾಜೀನಾಮೆಗಳು ಮತ್ತು ಪಣಜಿ ಉಪಚುನಾವಣೆಯ ಗೆಲುವಿನ ಬಳಿಕ ಕಾಂಗ್ರೆಸ್ 15ಕ್ಕೆ ಬಂದಿತ್ತು. ಹಾಳೆಯ ಅಂಚಿನಲ್ಲಿ ನಾನು ಬರೆದಿದ್ದದ್ದು 10. 2019ರ ಜುಲೈಯಲ್ಲಿ ಸರಿಯಾಗಿ 10 ಮಂದಿಯೇ ಬಿಜೆಪಿಗೆ ಹೋದರು, ಬಿಜೆಪಿ 27ಕ್ಕೆ ಏರಿತು. 2022ರಲ್ಲಿ ಕಾಂಗ್ರೆಸ್ಸಿನ 11ಕ್ಕೆ ಆ ಅಂಕಿ 8. ಸೆಪ್ಟೆಂಬರಿನಲ್ಲಿ ಹೋದವರೂ ಎಂಟೇ ಮಂದಿ. ಪಕ್ಷದೊಳಗಿನ ಗುಸುಗುಸು ನನಗೆ ಮೊದಲೇ ತಿಳಿದಿರುವುದಿಲ್ಲ, ಎಷ್ಟು ಜನ ಸೇರಿದರೆ ಹೊರಡುತ್ತಾರೆ ಎಂಬುದಷ್ಟೇ ತಿಳಿದಿರುತ್ತದೆ.

ನಮ್ಮ ಓದುಗರಿಗೆ ಹತ್ತಿರದ್ದು ಮುರಗಾಂವ ತಾಲ್ಲೂಕು. ಬೈನಾ, ಝುವಾರಿನಗರಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆಸಿ, ಇಲ್ಲಿಯೇ ಓಟು ಹಾಕುವ ಮನೆಗಳು ಬಹಳ. 2022ರಲ್ಲಿ ಇಲ್ಲಿನ ನಾಲ್ಕು ಕ್ಷೇತ್ರಗಳ ಪೈಕಿ ವಾಸ್ಕೋ ಮತ್ತು ದಾಬೋಳಿ ಬಿಜೆಪಿಗೆ, ಮುರಗಾಂವ ಕಾಂಗ್ರೆಸ್ಸಿಗೆ, ಕುಠ್ಠಾಳಿ ಪಕ್ಷೇತರರಿಗೆ ಹೋದವು. ಪಕ್ಷೇತರರು ಫಲಿತಾಂಶದ ಬೆನ್ನಲ್ಲೇ ಸರ್ಕಾರಕ್ಕೆ ಬೆಂಬಲ ಕೊಟ್ಟರು, ಮುರಗಾಂವದ ಶಾಸಕರು ಆ ಎಂಟರಲ್ಲಿ ಒಬ್ಬರಾದರು. ಆರೇ ತಿಂಗಳಲ್ಲಿ ನಾಲ್ಕೂ ಸಾಲುಗಳು ಆಡಳಿತದ ಕಡೆ ಸೇರಿದವು. ಗೆದ್ದಾಗಿನ ಚಿಹ್ನೆಯ ಕಲಮನ್ನು ಮಾತ್ರ ನಾನು ತಿದ್ದುವುದಿಲ್ಲ. 2022ರ ವಾರ್ಷಿಕ ಅವಲೋಕನ ಬರೆಯುವಾಗ ಬಿಜೆಪಿಯ ಮುಂದೆ ‘ಗೆದ್ದದ್ದು 20, ಈಗ 28’ ಎಂದು ಎರಡೂ ಅಂಕಿಗಳನ್ನು ಕೊಟ್ಟೆ, ಜಾಗ ಸಾಲದೆಂದು ಡೆಸ್ಕಿನವರು ಗೊಣಗಿದರೂ ಬಿಡಲಿಲ್ಲ.