ದತ್ತು ಹಿಯರಿಂಗ್‌ಗೆ ವಿದೇಶದಿಂದ ಬೆಂಗಳೂರಿಗೆ ಬರುವವರು ತಿಳಿದಿರಬೇಕಾದ್ದು

ನನ್ನ ತಮ್ಮ ಮತ್ತು ಅವನ ಹೆಂಡತಿ ಇರುವುದು ಅಮೆರಿಕದಲ್ಲಿ. ಬೆಂಗಳೂರಿನ ಒಂದು ದತ್ತು ಸಂಸ್ಥೆಯಿಂದ ನಾಲ್ಕು ವರ್ಷದ ಹುಡುಗಿಯನ್ನು ದತ್ತು ತೆಗೆದುಕೊಂಡರು. ಇಲ್ಲಿನ ಓಡಾಟ ಅರ್ಧಕ್ಕರ್ಧ ನನ್ನ ಪಾಲಿಗೆ ಬಂತು, ಯಾಕಂದ್ರೆ ನಾನಿರುವುದು ಚಾಮರಾಜಪೇಟೆಯಲ್ಲಿ. ಹಿಯರಿಂಗ್ ದಿನ ಹತ್ತಿರ ಬಂದಾಗ ನಮ್ಮ ನಿದ್ದೆ ಕೆಡಿಸಿದ್ದು ದೊಡ್ಡ ಕಾನೂನಲ್ಲ, ಯಾರೂ ಹೇಳದೇ ಬಿಟ್ಟಿದ್ದ ಸಣ್ಣ ಸಣ್ಣ ವಿಷಯಗಳು. ಅದೇ ದಾರಿಯಲ್ಲಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೇ ಮಾತು, ಈಗ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. 2015ರ ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು, ಅದು ಜಾರಿಯಾಗಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ದತ್ತು ತೆಗೆದುಕೊಂಡವರು ಸಿವಿಲ್ ಕೋರ್ಟಿಗೆ ಹೋಗಿ ಬಂದವರು, ಹಾಗಾಗಿ ಈಗಲೂ ‘ಕೋರ್ಟ್ ಹಿಯರಿಂಗ್’ ಅಂತಲೇ ಹೇಳುತ್ತಾರೆ. ಅದನ್ನು ಕೇಳಿ ನೀವು ವಕೀಲರನ್ನು ಹುಡುಕಲು ಹೊರಡಬೇಡಿ. ಅರ್ಜಿ ಹಾಕುವುದು ದತ್ತು ಸಂಸ್ಥೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಕಾಗದ ನೋಡಿ ಡಿಸಿ ಮುಂದೆ ಇಡುತ್ತಾರೆ. ಬೆಂಗಳೂರು ನಗರ ಜಿಲ್ಲೆಯ ಡಿಸಿ ಆಫೀಸ್ ಇರುವುದು ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ. ಸಿಟಿ ಸಿವಿಲ್ ಕೋರ್ಟ್ ಕೂಡ ಅದೇ ರಸ್ತೆಯಲ್ಲಿದೆ, ಆಟೋದವರಿಗೆ ಸುಮ್ನೆ ‘ಕೋರ್ಟ್’ ಅಂದರೆ ಅಲ್ಲಿಗೇ ಬಿಡುತ್ತಾರೆ. ಸಂಸ್ಥೆ ಗ್ರಾಮಾಂತರ ಜಿಲ್ಲೆಯಲ್ಲಿದ್ದರೆ ದೇವನಹಳ್ಳಿ ಕಡೆ ಹೋಗಬೇಕು. ನಿಮ್ಮ ಫೈಲ್ ಯಾವ ಡಿಸಿ ಹತ್ತಿರ ಇದೆ ಅಂತ ವಿಮಾನ ಹತ್ತುವ ಮೊದಲೇ ಸಂಸ್ಥೆಯವರನ್ನು ಕೇಳಿಟ್ಟುಕೊಳ್ಳಿ.

ಎರಡನೇದು ಕಾಗದಗಳ ಕ್ರಮ. ಇದರಲ್ಲಿ ಎಡವಿದರೆ ಆದೇಶ ಕೈಯಲ್ಲಿದ್ದರೂ ಮಗು ಇಲ್ಲೇ ಉಳಿಯಬಹುದು. ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವಾಗ ಪಾಲಿಸಬೇಕಾದ ಹೇಗ್ ದತ್ತು ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿದೆ. ಅದರ ಪ್ರಕಾರ, ಮಗು ಹೋಗಿ ಇರಬೇಕಾದ ದೇಶ ಮೊದಲು ಒಪ್ಪಬೇಕು, ಆಮೇಲೆ ಕಾರಾ (ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಕೊಡಬೇಕು, ಅದಾದ ಮೇಲೆ ಡಿಸಿ ಮುಂದೆ ಅರ್ಜಿ. ತಮ್ಮ ಅಮೆರಿಕದ ಪ್ರಜೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇರುವವನು. ಅಂಥವರು ಅಲ್ಲಿನ ವಲಸೆ ಇಲಾಖೆಗೆ ಮೊದಲು ಐ-800ಎ (ದತ್ತು ತೆಗೆದುಕೊಳ್ಳಲು ತಾವು ತಕ್ಕವರು ಅಂತ), ಮಗು ಗೊತ್ತಾದ ಮೇಲೆ ಐ-800 (ಆ ಮಗುವಿಗಾಗಿ) ಅರ್ಜಿ ಹಾಕಿ, ಅಮೆರಿಕ ಒಪ್ಪಿದೆ ಅನ್ನುವ ಆರ್ಟಿಕಲ್ 5 ಪತ್ರ ರಾಯಭಾರ ಕಚೇರಿಯಿಂದ ಬರುವ ತನಕ ಇಲ್ಲಿ ದತ್ತು ಮುಗಿಸಬಾರದು. ಮೊದಲು ಆದೇಶ ಮಾಡಿಸಿಕೊಂಡುಬಿಡೋಣ, ವೀಸಾ ಆಮೇಲೆ ನೋಡೋಣ ಅಂತ ಯಾರಾದರೂ ಅಂದರೆ ಕೇಳಬೇಡಿ. ಹಾಗೆಯೇ ‘ನನಗೆ ಗೊತ್ತಿರುವ ನರ್ಸಿಂಗ್ ಹೋಂನಲ್ಲಿ ಒಂದು ಮಗು ಇದೆ, ನೇರ ಕೊಡಿಸುತ್ತೇನೆ’ ಅನ್ನುವವರು ನಮಗೂ ಸಿಕ್ಕರು. ದತ್ತಿನ ನಿಯಮ ದಾಟಿ ಮಗುವನ್ನು ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಎರಡೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮಗುವಿನ ಹೆತ್ತವರು ನಿಜವಾಗಿ ಒಪ್ಪಿದ್ದಾರಾ ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಈಗ ಹೆಸರಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದ್ರೆ ಕನ್ನಡದವರಿಗೆ ಇದು ಬೇರೆಯವರಿಗಿಂತ ದೊಡ್ಡ ತಲೆನೋವು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ತಮ್ಮನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಊರಿನದು ಒಂದು, ಅಪ್ಪನದು ಒಂದು, ಎರಡು ಇನಿಷಿಯಲ್. ಮದುವೆ ಸರ್ಟಿಫಿಕೇಟಿನಲ್ಲಿ ಒಂದೇ ಇನಿಷಿಯಲ್, ಅದೂ ಹೆಸರಿನ ಹಿಂದೆ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಕೊನೆಯ ಹೆಸರಾಗಿ ಕೂತಿದೆ. ಅರ್ಜಿಯ ಕರಡು ಬಂದಾಗ ಮೊದಲ ಪುಟದಲ್ಲಿ ಒಂದು ಥರ, ನಾಲ್ಕನೇ ಪುಟದಲ್ಲಿ ಇನ್ನೊಂದು ಥರ ಇತ್ತು. ಅವನ ಹೆಂಡತಿ ಹೆಸರಿನಲ್ಲಿ ಒಂದು ಎಚ್ ಅಕ್ಷರ ಜಾಸ್ತಿ. ತಪ್ಪು ನಮ್ಮದೇ. ನಾವು ಕಳಿಸಿದ ಕಾಗದಗಳಲ್ಲೇ ಎಲ್ಲ ಹಾಗಿತ್ತು, ಸಂಸ್ಥೆಯವರು ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದ್ದರು.

ನಾನು ಮತ್ತು ತಮ್ಮನ ಹೆಂಡತಿ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು, ಪಾಸ್‌ಪೋರ್ಟ್ ತೆರೆದಿಟ್ಟು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆವು. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಒಬ್ಬರೇ ಮಾಡಿದರೆ ಕಣ್ಣು ತಾನಾಗಿಯೇ ಸರಿಮಾಡಿಕೊಂಡು ಓದಿಬಿಡುತ್ತದೆ. ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಹಳೆಯ ಕಾಗದಗಳಲ್ಲಿ ಬೇರೆ ಥರ ಇದ್ದರೆ ಸ್ಟ್ಯಾಂಪ್ ಪೇಪರ್ ಮೇಲೆ ‘ಒನ್ ಅಂಡ್ ಸೇಮ್ ಪರ್ಸನ್’ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿ, ಫೈಲಿಗೆ ಸೇರಿಸಿಬಿಡಿ. ಮಗುವಿಗೆ ಇಡುವ ಹೆಸರನ್ನೂ ಇದೇ ಹೊತ್ತಿಗೆ ತೀರ್ಮಾನ ಮಾಡಿ. ಆದೇಶದಲ್ಲಿ ಏನು ಬರುತ್ತದೋ ಅದೇ ಜನನ ಪ್ರಮಾಣಪತ್ರ, ಅದೇ ಪಾಸ್‌ಪೋರ್ಟ್, ಅದೇ ವೀಸಾ. ಸಂಸ್ಥೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಉಳಿಸಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಹುಡುಗಿಗೆ ಹೊಸ ಹೆಸರು ಮುಂದೆ, ಹಳೆಯದು ಹಿಂದೆ ಇದೆ. ಅವಳದು ಅಂತ ಅವಳ ಜೊತೆ ಬಂದದ್ದು ಆ ಹೆಸರೊಂದೇ, ಅಲ್ವಾ?

ಎನ್‌ಒಸಿ ಬಂದ ಮೇಲೆ, ಆದೇಶ ಆಗುವುದಕ್ಕೂ ಮೊದಲೇ, ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ದತ್ತು ಪೂರ್ವ ಪೋಷಣೆಗೆ ಅಂತ ಕರೆದುಕೊಂಡು ಬರಬಹುದು, ಭಾರತದೊಳಗೆ ಮಾತ್ರ. ರಜೆ ಸಿಕ್ಕರೆ ಖಂಡಿತ ಇದನ್ನು ಮಾಡಿ. ಹೋಟೆಲಿಗಿಂತ ಮನೆ ಒಳ್ಳೆಯದು. ನಮ್ಮ ಮನೆಯಲ್ಲಿ ಮೊದಲ ಎರಡು ದಿನ ಅವಳು ಮಂಚದ ಮೇಲೆ ಮಲಗಲೇ ಇಲ್ಲ, ನೆಲದ ಮೇಲೆ ಚಾಪೆಯೇ ಬೇಕು, ಲೈಟ್ ಆರಿಸಬಾರದು. ತಮ್ಮ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ. ಸಂಸ್ಥೆಯ ಆಯಾ ಹತ್ತಿರ ಮೊದಲೇ ಕೂತು ಕೇಳಿಕೊಂಡಿದ್ದರೆ ಇದೆಲ್ಲ ಗೊತ್ತಿರುತ್ತಿತ್ತು. ಏನು ತಿನ್ನುತ್ತಾಳೆ, ಮಲಗಿಸುವಾಗ ಏನು ಹೇಳುತ್ತಾರೆ, ಯಾವುದಕ್ಕೆ ಹೆದರುತ್ತಾಳೆ, ಬಾತ್‌ರೂಮಿಗೆ ಹೋಗಬೇಕು ಅಂದರೆ ಯಾವ ಮಾತು ಆಡುತ್ತಾಳೆ, ಎಲ್ಲ ಬರೆದುಕೊಳ್ಳಿ. ವಿದೇಶದಲ್ಲಿ ಬೆಳೆದು ಕನ್ನಡ ಮರೆತಿರುವವರು ಹತ್ತು ಹದಿನೈದು ಮಾತಾದರೂ ಕಲಿತು ಬನ್ನಿ. ಮಗುವಿಗೆ ಬರುವುದು ಅದೊಂದೇ ಭಾಷೆ.

ಹಿಯರಿಂಗ್ ಬಗ್ಗೆ ಮಗುವಿಗೆ ಏನು ಹೇಳಬೇಕು? ಹೇಳಿಕೊಟ್ಟು ಬಾಯಿಪಾಠ ಮಾಡಿಸಬೇಡಿ. ‘ಅಪ್ಪ ಅಮ್ಮ ಅನ್ನು, ಇಲ್ಲದಿದ್ದರೆ ಕಳಿಸಿಬಿಡುತ್ತಾರೆ’ ಅನ್ನುವಂಥ ಮಾತು ತಮಾಷೆಗೂ ಬೇಡ. ನಾವು ಹೇಳಿದ್ದು ಇಷ್ಟು: ನಾಳೆ ಒಂದು ದೊಡ್ಡ ಆಫೀಸಿಗೆ ಹೋಗುತ್ತೇವೆ, ಅಲ್ಲಿ ಒಬ್ಬರು ನಮ್ಮನ್ನೆಲ್ಲ ಮಾತಾಡಿಸುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಮನೆಗೆ ವಾಪಸ್. ‘ವಾಪಸ್ ಯಾವ ಮನೆಗೆ?’ ಅಂತ ಕೇಳಿದಳು. ‘ಅತ್ತೆ ಮನೆಗೆ’ ಅಂದೆ. ಅವಳಿಗೆ ಬೇಕಾಗಿದ್ದ ಉತ್ತರ ಅದೊಂದೇ.

ಆ ದಿನ ಕಾರಲ್ಲಿ ಹೋಗಬೇಡಿ, ಕೆ.ಜಿ. ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಸೆಂಟ್ರಲ್ ಕಾಲೇಜು ಹತ್ತಿರದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟು ದೂರ. ಚಿಕ್ಕ ಮಗು ಇದ್ದರೆ ಮನೆಯಿಂದಲೇ ಆಟೋ ಆರಾಮ. ಡಿಸಿಗಳಿಗೆ ನೂರೆಂಟು ಕೆಲಸ ಇರುತ್ತವೆ, ಹನ್ನೊಂದು ಗಂಟೆ ಅಂದದ್ದು ಮಧ್ಯಾಹ್ನಕ್ಕೆ ಹೋಗಬಹುದು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಒಂದು ಚೀಲದಲ್ಲಿ ನೀರು, ಮೊಸರನ್ನ, ಒಂದು ಜೊತೆ ಬಟ್ಟೆ, ಕೈಯಲ್ಲಿ ಹಿಡಿಯಲು ಏನಾದರೂ. ನಾನು ಕಡ್ಲೆಪುರಿ ಪೊಟ್ಟಣ ಒಯ್ದಿದ್ದೆ. ಬೆಂಚಿನ ಮೇಲೆ ಕೂತು ಒಂದೊಂದೇ ಪುರಿ ಸಾಲಾಗಿ ಜೋಡಿಸುತ್ತಾ, ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಆಯಾಗೆ ಒಂದು ಅಂತ ಹಂಚುತ್ತಾ ಮುಕ್ಕಾಲು ಗಂಟೆ ಕಳೆದಳು. ಮೊಬೈಲ್ ಕೊಟ್ಟಿದ್ದರೆ ಕಸಿದುಕೊಳ್ಳುವಾಗ ಅತ್ತುಬಿಡುತ್ತಿದ್ದಳು.

ವಿಚಾರಣೆ ಗುಟ್ಟಾಗಿ ನಡೆಯಬೇಕು ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಅಜ್ಜಿ, ತಾತ, ಅತ್ತೆ ಎಲ್ಲ ಹೊರಗೆ. ನಾನೂ ಹೊರಗೇ ಕೂತೆ. ಮನೆಯವರೆಲ್ಲ ದಂಡು ಕಟ್ಟಿಕೊಂಡು ಹೋಗಬೇಡಿ, ಒಬ್ಬರು ಸಾಕು. ಒಳಗೆ ಕೇಳುವುದು ಏನು? ಅಧಿಕಾರಿಗೆ ಮುಖ್ಯವಾಗಿ ಮೂರು ವಿಷಯ ಖಾತ್ರಿ ಆಗಬೇಕು. ಈ ದತ್ತಿನಿಂದ ಮಗುವಿಗೆ ಒಳ್ಳೆಯದಾಗುತ್ತದಾ, ವಯಸ್ಸಿಗೆ ತಕ್ಕ ಹಾಗೆ ಮಗುವಿನ ಇಷ್ಟ ಏನು, ಮತ್ತು ನಿಯಮದಲ್ಲಿರುವ ಶುಲ್ಕ ಬಿಟ್ಟು ಬೇರೆ ದುಡ್ಡು ಕೈ ಬದಲಾಗಿದೆಯಾ. ದುಡ್ಡಿನ ಪ್ರಶ್ನೆ ಬಂದಾಗ ಕೆಲವರು ಅವಮಾನ ಆಯಿತು ಅಂತ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪ್ರಶ್ನೆ ಇರುವುದು ಮಕ್ಕಳನ್ನು ಮಾರಬಾರದು ಅಂತ. ಕಟ್ಟಿದ ಎಲ್ಲ ಶುಲ್ಕದ ರಸೀದಿ ಒಂದೇ ಕಡೆ ಇಟ್ಟುಕೊಳ್ಳಿ, ಕೇಳಿದ ತಕ್ಷಣ ತೆಗೆದು ತೋರಿಸಿ.

ಉಳಿದದ್ದು ಸಾಮಾನ್ಯ ಮಾತು. ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ಯಾರು ನೋಡುತ್ತಾರೆ, ಮನೆಯಲ್ಲಿ ಯಾವ ಭಾಷೆ, ದತ್ತು ಮಗು ಅಂತ ಅವಳಿಗೆ ಹೇಳುತ್ತೀರಾ. ಕೊನೆಯ ಪ್ರಶ್ನೆಗೆ ತಮ್ಮ ‘ಈಗಿಂದಲೇ ಹೇಳುತ್ತಿದ್ದೇವೆ’ ಅಂದನಂತೆ. ನಿಮ್ಮ ಉತ್ತರ ಏನು ಅಂತ ಗಂಡ ಹೆಂಡತಿ ಮೊದಲೇ ಕೂತು ಮಾತಾಡಿಕೊಳ್ಳಿ, ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಹಾಗೆ ಆಗಬಾರದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹುಡುಗಿಯನ್ನು ಕೇಳಿದ್ದು ಒಂದೇ, ಇವರು ಯಾರು ಅಂತ. ಅವಳು ಮಾತಾಡಲಿಲ್ಲವಂತೆ. ಮುಷ್ಟಿಯಲ್ಲಿ ಉಳಿದಿದ್ದ ಪುರಿಯನ್ನು ತಮ್ಮನ ಬಾಯಿಗೆ ಹಾಕಿದಳಂತೆ. ಎಲ್ಲ ಸೇರಿ ಇಪ್ಪತ್ತು ನಿಮಿಷ ಆಗಿರಬಹುದು.

ಆದೇಶ ಅದೇ ದಿನ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಅರ್ಜಿ ಹಾಕಿದ ದಿನದಿಂದ ಎರಡು ತಿಂಗಳೊಳಗೆ ತೀರ್ಮಾನ ಆಗಬೇಕು ಅನ್ನುವುದು ನಿಯಮ. ವಾಪಸ್ ಟಿಕೆಟ್ ತೆಗೆಯುವುದಾದರೆ ದಿನ ಬದಲಾಯಿಸಲು ಬರುವಂಥದ್ದೇ ತೆಗೆಯಿರಿ. ಇಬ್ಬರಿಗೂ ಅಷ್ಟು ರಜೆ ಇಲ್ಲದಿದ್ದರೆ ಒಬ್ಬರು ಮಗುವಿನ ಜೊತೆ ಉಳಿಯಿರಿ. ಆದೇಶದ ಪ್ರತಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ನೋಡಿ. ತಪ್ಪಿದ್ದರೆ ಅವತ್ತೇ ಹೇಳಿ. ಆದೇಶದ ದಿನದಿಂದ ಅವಳು ಕಾನೂನಿನ ಕಣ್ಣಲ್ಲಿ ನಿಮಗೇ ಹುಟ್ಟಿದ ಮಗಳು. ಆದೇಶದ ಬಗ್ಗೆಯೇ ತಕರಾರು ಇದ್ದರೆ 30 ದಿನದೊಳಗೆ ವಿಭಾಗೀಯ ಆಯುಕ್ತರ ಹತ್ತಿರ ಮೇಲ್ಮನವಿ ಹಾಕಬಹುದು.

ಆಮೇಲಿನದು ಸಾಲಾಗಿ ನಡೆಯುತ್ತದೆ. ಆದೇಶ ತೋರಿಸಿ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಅದರ ಮೇಲೆ ಕೋರಮಂಗಲದ ಪಾಸ್‌ಪೋರ್ಟ್ ಕಚೇರಿಯಿಂದ ಮಗುವಿಗೆ ಭಾರತದ ಪಾಸ್‌ಪೋರ್ಟ್, ದತ್ತು ಹೇಗ್ ಒಪ್ಪಂದದ ಪ್ರಕಾರವೇ ಆಗಿದೆ ಅಂತ ಕಾರಾದಿಂದ ಆರ್ಟಿಕಲ್ 23 ಪ್ರಮಾಣಪತ್ರ. ಅಮೆರಿಕಕ್ಕಾದರೆ ವೀಸಾಗೆ ದೆಹಲಿಯ ರಾಯಭಾರ ಕಚೇರಿ. ಅಲ್ಲಿಗೆ ಹೋದ ಮೇಲೂ ಎರಡು ವರ್ಷ ಮಗು ಹೇಗಿದೆ ಅಂತ ವರದಿ ಹೋಗಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಇದನ್ನು ತಪ್ಪಿಸಬೇಡಿ. ಮುಂದೆ ದತ್ತು ತೆಗೆದುಕೊಳ್ಳುವ ಮನೆಗಳ ಮೇಲಿನ ನಂಬಿಕೆ ನಿಂತಿರುವುದು ಈ ವರದಿಗಳ ಮೇಲೆ.

ಇನ್ನೊಂದು ಕೆಲಸ ಯಾವ ಫೈಲಿನಲ್ಲೂ ಇರುವುದಿಲ್ಲ. ಹೊರಡುವ ಮೊದಲು ಮಗುವನ್ನು ಒಮ್ಮೆ ಸಂಸ್ಥೆಗೆ ಕರೆದುಕೊಂಡು ಹೋಗಿ. ಅತ್ತರೆ ಅಳಲಿ. ಆಯಾ ಜೊತೆ, ಅವಳು ಮಲಗುತ್ತಿದ್ದ ಜಾಗದ ಜೊತೆ, ಗೇಟಿನ ಜೊತೆ ಫೋಟೋ ತೆಗೆಯಿರಿ, ದೊಡ್ಡವಳಾದ ಮೇಲೆ ಕೇಳುತ್ತಾಳೆ. ನಮ್ಮ ಹುಡುಗಿ ಆವತ್ತು ಒಂದು ಸೇರು ಕಡ್ಲೆಪುರಿ ಹೊತ್ತುಕೊಂಡು ಹೋಗಿ, ಅಲ್ಲಿದ್ದ ಎಲ್ಲ ಮಕ್ಕಳಿಗೂ ಮುಷ್ಟಿ ಮುಷ್ಟಿ ಹಂಚಿ ಬಂದಳು.