ಗಿಟಾರಿಗೆ ಬಣ್ಣದ ಮರ: ಹತ್ತು ವರ್ಷದ ನಂತರದ ಬಣ್ಣ ನೋಡಿ ಆರಿಸಿ

ಆಫ್ರಿಕಾದ ಪಡೌಕ್ ಮರದ ಹಲಗೆಗೆ ಉಜ್ಜುಗೊರಡು ಹಾಕಿದ ಕೂಡಲೇ ಕಣ್ಣು ಕೋರೈಸುವ ಕಿತ್ತಳೆಗೆಂಪು ಹೊರಬರುತ್ತದೆ. ಗಿಟಾರ್ ಕಟ್ಟುವುದನ್ನು ಹೊಸದಾಗಿ ಕಲಿಯುವವರು ಈ ಬಣ್ಣಕ್ಕೆ ಮನಸೋತೇ ಹಲಗೆ ಕೊಳ್ಳುತ್ತಾರೆ. ಆದರೆ ವಾದ್ಯ ಮನೆಯ ಬೆಳಕಿನಲ್ಲಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಕಿತ್ತಳೆ ಇಳಿದು ಕೆಂಗಂದಾಗಿ, ಆಮೇಲೆ ಕಡುಗಂದಾಗುತ್ತದೆ. ಮರ ಕೆಟ್ಟಿತೆಂದು ಕೊರಗುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಡುಗಂದೂ ಸೊಗಸಾದ ಬಣ್ಣವೇ. ಚೆನ್ನಾಗಿ ಕಟ್ಟಿದ ಗಿಟಾರ್ ದಶಕಗಳ ಕಾಲ ಬಾಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕಂಡ ಬಣ್ಣಕ್ಕಿಂತ ಹತ್ತನೇ ವರ್ಷ ಉಳಿಯುವ ಬಣ್ಣವನ್ನು ಲೆಕ್ಕಕ್ಕೆ ಹಿಡಿದು ಮರ ಆರಿಸಬೇಕು.

ಮೊದಲು ಕಾರಣ ತಿಳಿಯಿರಿ

ಮರದ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಸೇರಿಕೊಂಡಿರುವ ವರ್ಣದ್ರವ್ಯಗಳೇ ಈ ಬಣ್ಣಗಳ ಮೂಲ. ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಮತ್ತು ಗಾಳಿಯ ಆಮ್ಲಜನಕ ಸೇರಿ ಆ ದ್ರವ್ಯಗಳನ್ನು ಮಾರ್ಪಡಿಸುತ್ತವೆ. ಮರದ ಎಳೆಗಳನ್ನು ಬಿಗಿಹಿಡಿದಿರುವ ಲಿಗ್ನಿನ್ ಕೂಡ ಬೆಳಕಿಗೆ ಒಡೆದು ಹಳದಿ-ಕಂದು ಛಾಯೆ ಕೊಡುತ್ತದೆ. ಮೇಪಲ್‌ನಂತಹ ಬಿಳಿಚು ಮರ ವಯಸ್ಸಾದಂತೆ ಜೇನುಬಣ್ಣಕ್ಕೆ ತಿರುಗುವುದು ಹೀಗೆಯೇ.

ಎಲ್ಲ ಮರಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟ್ ಆಗತಾನೇ ಕೊಯ್ದಾಗ ಮಂಕು ಬೂದುಗಂದು. ಗಾಳಿ, ಬೆಳಕು ತಾಗಿದ ಮೇಲೆ ಕೆಲವೇ ದಿನಗಳಲ್ಲಿ ಗಾಢ ನೇರಳೆಯಾಗುತ್ತದೆ. ವರ್ಷಗಳು ಉರುಳಿದಂತೆ ಅದೂ ನೇರಳೆ ಮಿಶ್ರಿತ ಕಂದಿನ ಕಡೆಗೆ ಸರಿಯುತ್ತದೆ. ಕೊಕೊಬೊಲೊ ಮರದ ಕಿತ್ತಳೆ ಪಟ್ಟೆಗಳು ಗಾಢವಾಗುತ್ತಾ ಹೋಗುತ್ತವೆ. ಬ್ಲಡ್‌ವುಡ್ ಇವುಗಳಿಗಿಂತ ಹೆಚ್ಚು ಕಾಲ ಕೆಂಪನ್ನು ಕಾಪಾಡಿಕೊಳ್ಳುತ್ತದೆ. ನಮ್ಮ ಪಶ್ಚಿಮಘಟ್ಟದ ಬೀಟೆಯನ್ನು ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಕರೆಯುತ್ತಾರೆ. ಅಮೆರಿಕದ ಮಾರ್ಟಿನ್ ಸಂಸ್ಥೆ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಇದಕ್ಕೆ ಬಂದಿತು. ಹೊಸ ಬೀಟೆಯ ನೇರಳೆ ಗೆರೆಗಳು ಕ್ರಮೇಣ ಕಂದಿನಲ್ಲಿ ಕರಗುತ್ತವೆ. ಬಿರುಬಿಸಿಲಿನಲ್ಲಿ ಬಹುಕಾಲ ಇಟ್ಟರೆ ಮಾತ್ರ ಅದು ಕಪ್ಪಾಗುವ ಬದಲು ಮಾಸಿ ತಿಳಿಯಾಗಬಹುದು.

ತುಂಡಿನ ಮೇಲೆ ಪರೀಕ್ಷಿಸಿ

ಗಿಟಾರಿಗೆ ಬಳಸುವ ಹಲಗೆಯಿಂದಲೇ ಒಂದು ತುಂಡು ಕತ್ತರಿಸಿ ನಯಗೊಳಿಸಿ. ಉದ್ದಕ್ಕೆ ಅರ್ಧ ಭಾಗಕ್ಕೆ ನೀವು ಬಳಿಯಲಿರುವ ಪಾಲಿಶನ್ನೇ ಹಚ್ಚಿ ಒಣಗಿಸಿ, ಇನ್ನರ್ಧ ಹಾಗೆಯೇ ಇರಲಿ. ಈಗ ಎರಡನ್ನೂ ಅಡ್ಡಲಾಗಿ ದಾಟುವಂತೆ ಅಲ್ಯೂಮಿನಿಯಂ ಹಾಳೆಯ ಅಗಲ ಪಟ್ಟಿ ಸುತ್ತಿ, ಹಿಂಬದಿಯಲ್ಲಿ ತಾರೀಖು ಬರೆದು, ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಕೆಲವು ವಾರಗಳ ನಂತರ ಹಾಳೆ ಬಿಚ್ಚಿದರೆ ಹಳೆಯ ಬಣ್ಣ, ಬದಲಾದ ಬಣ್ಣ, ಪಾಲಿಶ್ ಎಷ್ಟು ತಡೆಯಿತು ಎಂಬುದು ಪಕ್ಕಪಕ್ಕದಲ್ಲೇ ಕಾಣುತ್ತವೆ. ಮಾರಾಟಗಾರರ ಫೋಟೊಗಳಿಗಿಂತ ಈ ತುಂಡನ್ನು ನಂಬಿ.

ಜೋಡಿ ಹೊಂದಿಸುವಾಗ

ಹೆಚ್ಚು ನಿರಾಸೆ ಹುಟ್ಟುವುದು ಇಲ್ಲಿಯೇ. ಪಡೌಕ್ ಮತ್ತು ಪರ್ಪಲ್‌ಹಾರ್ಟ್ ಪಟ್ಟಿಗಳನ್ನು ಅಂಟಿಸಿ ಗಿಟಾರಿನ ಕುತ್ತಿಗೆ (ನೆಕ್) ಮಾಡಿದರೆ ಮೊದಲ ದಿನ ಕಿತ್ತಳೆ-ನೇರಳೆಗಳ ಹಬ್ಬ. ಎರಡೂ ಕಂದಿನತ್ತ ಹೊರಟ ಮರಗಳಾದ್ದರಿಂದ ವರ್ಷಗಳ ಮೇಲೆ ನಡುವಿನ ಗೆರೆ ಹುಡುಕಬೇಕಾಗುತ್ತದೆ. ಅದೇ ಪಡೌಕನ್ನು ಮೇಪಲ್ ಜೊತೆ ಜೋಡಿಸಿದರೆ ಒಂದು ಕಡುವಾಗುತ್ತದೆ, ಇನ್ನೊಂದು ಜೇನುಬಣ್ಣದಲ್ಲಿ ನಿಲ್ಲುತ್ತದೆ, ವ್ಯತ್ಯಾಸ ಉಳಿಯುತ್ತದೆ. ನನ್ನ ಸಲಹೆ ಇಷ್ಟು: ಎರಡು ಮರಗಳನ್ನು ಕಪ್ಪು-ಬಿಳುಪು ಫೋಟೊದಲ್ಲಿ ನೋಡಿ. ಅಲ್ಲಿಯೂ ಬೇರೆಬೇರೆ ಕಂಡರೆ ಆ ಜೋಡಿ ನೆಚ್ಚಬಹುದು.

ಕೊಳ್ಳುವಾಗ ಬಿಲ್ ಜೋಪಾನ ಮಾಡಿ. ಬೀಟೆ, ಕೊಕೊಬೊಲೊ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರಿಂದ ಸೈಟಿಸ್, ಅಂದರೆ ಅಪಾಯದಂಚಿನ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ನಿಯಂತ್ರಣದಲ್ಲಿವೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತರೂ ಹಲಗೆಗೆ ಅದು ಅನ್ವಯಿಸುವುದಿಲ್ಲ. ಆಫ್ರಿಕಾದ ಪಡೌಕ್ ಕೂಡ ಈಗ ಆ ಪಟ್ಟಿಯಲ್ಲಿದೆ.

ಧೂಳು ಮತ್ತು ಸ್ಪಿರಿಟ್

ಪಡೌಕ್ ನಮ್ಮ ಹೊನ್ನೆ, ರಕ್ತಚಂದನಗಳ ಕುಲಕ್ಕೇ ಸೇರಿದ್ದು. ಹೊನ್ನೆಯ ಲೋಟದಲ್ಲಿಟ್ಟ ನೀರು ಬಣ್ಣ ತಿರುಗುವುದನ್ನು ನೀವು ನೋಡಿರಬಹುದು. ಪಡೌಕಿನ ಕೆಂಪು ನೀರಿಗಿಂತ ಸ್ಪಿರಿಟಿಗೆ ಬೇಗ ಕರಗುತ್ತದೆ. ಹಾಗಾಗಿ ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಬಟ್ಟೆಯಿಂದ ಬಳಿದರೆ ಪಕ್ಕದ ಮೇಪಲ್ ಗುಲಾಬಿಯಾಗುತ್ತದೆ, ಗಿಟಾರಿನ ಅಂಚಿನ ಬಿಳಿ ಪಟ್ಟಿಗೂ (ಬೈಂಡಿಂಗ್) ಕಲೆ ಹತ್ತುತ್ತದೆ.

ತಪ್ಪಿಸಲು, ಎರಡು ಮರ ಕೂಡುವಲ್ಲಿ ಉಪ್ಪುಕಾಗದದ ಬದಲು ಉಕ್ಕಿನ ತೆಳು ಸ್ಕ್ರೇಪರ್ ಬಳಸಿ, ಧೂಳು ಕಡಿಮೆಯಾಗುತ್ತದೆ. ರಂಧ್ರಗಳಲ್ಲಿ ಕೂತ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆಯಿರಿ, ಒದ್ದೆ ಬಟ್ಟೆ ಬೇಡ. ಮೊದಲ ಪಾಲಿಶ್ ಪದರಗಳನ್ನು ತೀರ ತೆಳುವಾಗಿ ಸ್ಪ್ರೇ ಮಾಡಿ, ಪ್ರತಿ ಪದರವೂ ಒಣಗಲಿ. ಉಸಿರಿಗೆ ಮಾಸ್ಕ್ ಕಡ್ಡಾಯ. ಕೊಕೊಬೊಲೊ ಧೂಳು ಹಲವರಲ್ಲಿ ತೀವ್ರ ಚರ್ಮದ ಅಲರ್ಜಿ ಉಂಟುಮಾಡುತ್ತದೆ.

ಪಾಲಿಶಿಗೆ ಅವಸರ ಬೇಡ

ಪರ್ಪಲ್‌ಹಾರ್ಟನ್ನು ಕೊನೆಯ ಬಾರಿ ಉಜ್ಜಿದಾಗ ಮತ್ತೆ ಮಂಕಾಗುತ್ತದೆ. ಎಲ್ಲ ಬದಿಗೂ ಸಮನಾಗಿ ಬೆಳಕು ಬೀಳುವಂತೆ ತಿರುಗಿಸುತ್ತಾ ಕೆಲವು ದಿನ ಬಿಡಿ. ನೇರಳೆ ಪೂರ್ತಿ ಅರಳಿದ ಮೇಲೆ ಪಾಲಿಶ್ ಮಾಡಿ.

ಯಾವ ಪಾಲಿಶೂ ಬದಲಾವಣೆಯನ್ನು ನಿಲ್ಲಿಸುವುದಿಲ್ಲ. ಅತಿನೇರಳೆ ಕಿರಣ ತಡೆಯುವ ಅಂಶವಿರುವ ವಾರ್ನಿಶ್ ಅದನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಎಣ್ಣೆ ಹಚ್ಚಿದ ಕ್ಷಣದಲ್ಲೇ ಮರ ಕಡುವಾಗುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಹೊಳಪಿನ ಲೇಪ ಸ್ವತಃ ಹಳದಿಯಾಗುತ್ತಾ ಹೋಗುತ್ತದೆ. ಪಡೌಕಿಗೆ ಅದು ಒಪ್ಪುತ್ತದೆ, ಆದರೆ ನೇರಳೆಯ ಮೇಲೆ ಹಳದಿ ಪರದೆ ಬಿದ್ದರೆ ಕಾಣುವುದು ಕಂದು. ಪರ್ಪಲ್‌ಹಾರ್ಟಿಗೆ ಬಣ್ಣವಿಲ್ಲದ ನೀರಾಧಾರಿತ ಪಾಲಿಶೇ ಸರಿ.

ನಂತರದ ಆರೈಕೆ

ಗಿಟಾರನ್ನು ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಬೇಡಿ. ಮೊದಲ ವರ್ಷ, ಮರ ವೇಗವಾಗಿ ಬದಲಾಗುವಾಗ, ಹೆಗಲಿಗೆ ಹಾಕುವ ಬೆಲ್ಟ್ ಅಥವಾ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ (ಕ್ಯಾಪೊ) ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಅದರ ಅಚ್ಚು ಮೂಡುತ್ತದೆ. ಗೀರು ಬೀಳದಂತೆ ಗಿಟಾರಿನ ಮುಂಭಾಗಕ್ಕೆ ಹಾಕುವ ತೆಳು ಹಾಳೆ (ಪಿಕ್‌ಗಾರ್ಡ್) ತೆಗೆದಾಗ ಅಡಿಯಲ್ಲಿ ಕಾಣುವ ಬೇರೆ ಬಣ್ಣದ ತುಂಡೂ ಇದೇ ಕಾರಣದ್ದು.

ಬಣ್ಣ ಈಗಾಗಲೇ ಇಳಿದಿದ್ದರೆ? ಬದಲಾವಣೆ ಮೇಲ್ಮೈಯ ತೀರ ತೆಳು ಪದರಕ್ಕೆ ಸೀಮಿತ. ಇಡಿಯ ಹಲಗೆಯಿಂದ ಮಾಡಿದ ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ಕೆರೆದು ಹೊಸ ಬಣ್ಣ ಹೊರತರಬಹುದು, ಅದೂ ಮತ್ತೆ ಮಾಗುತ್ತದೆ. ಅಕೂಸ್ಟಿಕ್ ಗಿಟಾರಿನ ಹಿಂಬದಿ ಮತ್ತು ಪಕ್ಕದ ಹಲಗೆಗಳು ಸುಮಾರು 2ರಿಂದ 2.5 ಮಿಲಿಮೀಟರ್ ಮಾತ್ರ ದಪ್ಪ; ಬಣ್ಣಕ್ಕಾಗಿ ಅವುಗಳನ್ನು ಕೆರೆಯಲು ಹೋಗಬೇಡಿ.